ನೇಪಥ್ಯದ ಕಲಿಕೆ: ಹೆಗ್ಗೋಡೋ, ದೆಹಲಿಯೋ, ಲಂಡನ್ನೋ?

ನಾಟಕ ಮುಗಿದು ಲೈಟುಗಳನ್ನು ಇಳಿಸುತ್ತಿದ್ದೆವು. ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು ಅಪ್ಪನನ್ನು ಕರೆದುಕೊಂಡು ರಂಗದ ಮೇಲೆ ಬಂದಳು. ‘ಸರ್, ನನಗೆ ನಟಿಸುವ ಆಸೆ ಇಲ್ಲ. ಈ ಕೆಲಸ ಕಲಿಯಬೇಕು. ಎಲ್ಲಿ ಕಲಿಸುತ್ತಾರೆ?’ ಎಂದಳು. ಅಪ್ಪ ಕೇಳಿದ್ದು ಬೇರೆ: ‘ಇದಕ್ಕೆ ಡಿಗ್ರಿ ಎಂದು ಏನಾದರೂ ಇದೆಯೇ ಸರ್?’ ಇಬ್ಬರು ಕೇಳಿದ್ದೂ ನ್ಯಾಯವೇ. ಅಂದು ಕೇಬಲ್ ಸುತ್ತುತ್ತ ನಾನು ಹೇಳಿದ್ದು ಅರೆಬರೆಯಾಗಿತ್ತು. ಆ ಬಾಕಿಯನ್ನು ಈಗ ತೀರಿಸುತ್ತಿದ್ದೇನೆ.

ಬೆಳಕು, ರಂಗಸಜ್ಜಿಕೆ, ವಸ್ತ್ರ, ಪ್ರಸಾಧನ, ಧ್ವನಿ, ರಂಗಪರಿಕರ, ರಂಗನಿರ್ವಹಣೆ – ಇವೆಲ್ಲವನ್ನೂ ನಮ್ಮಲ್ಲಿ ಒಟ್ಟಾಗಿ ‘ಹಿನ್ನೆಲೆ ಕೆಲಸ’ ಎನ್ನುತ್ತೇವೆ. ಕನ್ನಡದ ತಂಡಗಳಲ್ಲಿ ಬೆಳಿಗ್ಗೆ ಬಡಗಿಯಾದವನೇ ಮಧ್ಯಾಹ್ನ ಎಲೆಕ್ಟ್ರಿಷಿಯನ್, ಸಂಜೆ ನಟ. ಲಂಡನ್ನಿನಲ್ಲಿ ಇವು ಒಂದೊಂದೂ ಬೇರೆ ಹುದ್ದೆ, ಬೇರೆ ಓದು. ದೆಹಲಿ ಇವೆರಡರ ನಡುವೆ ನಿಂತಿದೆ. ಯಾವ ಶಾಲೆಯ ಹೆಸರು ದೊಡ್ಡದು ಎಂಬ ಲೆಕ್ಕ ಆಮೇಲಿರಲಿ. ನಾಳೆ ಎಂಥ ರಂಗದ ಮೇಲೆ, ಯಾರ ಜೊತೆ ಕೆಲಸ ಮಾಡಬೇಕೆಂದಿದ್ದೀರಿ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಕನ್ನಡದ ಒಂದು ವರ್ಷದ ಶಾಲೆಗಳು

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಮೈಸೂರಿನ ರಂಗಾಯಣದ ಭಾರತೀಯ ರಂಗಶಿಕ್ಷಣ ಕೇಂದ್ರ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ರಂಗಶಾಲೆ, ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ – ಇವೆಲ್ಲ ಹೆಚ್ಚುಕಡಿಮೆ ಇದೇ ಸಾಲಿನವು: ಒಂದು ವರ್ಷದ ವಸತಿ ಶಿಕ್ಷಣ. ಮೊದಲ ಮೂರರಲ್ಲಿ ಪಾಠ ಕನ್ನಡದಲ್ಲೇ ನಡೆಯುತ್ತದೆ.

ಒಂದನ್ನು ಮುಚ್ಚಿಡದೆ ಹೇಳಬೇಕು. ಈ ಶಾಲೆಗಳಲ್ಲಿ ‘ನಾನು ಲೈಟಿಂಗ್ ಮಾತ್ರ ಕಲಿಯುತ್ತೇನೆ’ ಎನ್ನಲು ಬರುವುದಿಲ್ಲ. ಬೆಳಿಗ್ಗೆ ದೇಹದ ಕಸರತ್ತು, ಆಮೇಲೆ ರಂಗ ಇತಿಹಾಸ, ಮಧ್ಯಾಹ್ನ ತಾಲೀಮು. ಬೆಳಕು ಮತ್ತು ರಂಗಸಜ್ಜಿಕೆಯ ಪಾಠ ಇವುಗಳ ನಡುವೆ ಬರುತ್ತದೆ. ನಟಿಸಲು ಇಷ್ಟವಿಲ್ಲದವರೂ ನಟಿಸಲೇಬೇಕು. ಅದು ಕಾಲಹರಣವೆಂದು ಕೆಲವರಿಗೆ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಣ್ಣಿಗೆ ನೇರವಾಗಿ ಸ್ಪಾಟ್ ಹೊಡೆದಾಗ ಎದುರಿನ ಮೆಟ್ಟಿಲು ಕಾಣದೆ ಹೋಗುವುದು ಹೇಗಿರುತ್ತದೆ ಎಂಬುದನ್ನು ಒಮ್ಮೆ ರಂಗದ ಮೇಲೆ ನಿಂತು ಅನುಭವಿಸಿದವನು ಆಮೇಲೆ ದೀಪ ಕಟ್ಟುವ ಜಾಗವನ್ನೇ ಬದಲಿಸುತ್ತಾನೆ.

ಹೆಗ್ಗೋಡಿನ ದೊಡ್ಡ ಆಸ್ತಿ ತರಗತಿಯಲ್ಲಿಲ್ಲ, ತಿರುಗಾಟದಲ್ಲಿದೆ. 1985ರಿಂದ ನಡೆದುಬಂದ ಈ ಸಂಚಾರಿ ತಂಡ ವರ್ಷಕ್ಕೆ ಎರಡು ಮೂರು ನಾಟಕಗಳನ್ನು ಕಟ್ಟಿಕೊಂಡು ಊರೂರಿಗೆ ಹೋಗುತ್ತದೆ. ಸಾಣೇಹಳ್ಳಿಯ ಶಿವಸಂಚಾರವೂ 1997ರಿಂದ ಹೀಗೆಯೇ ಊರು ಸುತ್ತುತ್ತಿದೆ. ಡಿಪ್ಲೊಮಾ ಮುಗಿಸಿ ಇಂಥ ತಂಡದಲ್ಲಿ ಒಂದು ವರ್ಷ ತಿರುಗಿದವರು ಕಲಿಯುವುದನ್ನು ಯಾವ ವಿಶ್ವವಿದ್ಯಾಲಯವೂ ಪಠ್ಯಕ್ರಮದಲ್ಲಿ ಹಾಕಿಲ್ಲ.

ಅದೇನೆಂದು ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಇನ್ನೂ ಹೆಚ್ಚು ಬಳಕೆಯಲ್ಲಿರುವ, ಡಬ್ಬದಾಕಾರದ ಪಾರ್ ದೀಪ ಒಂದಕ್ಕೆ 1000 ವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಹನ್ನೆರಡು ದೀಪಗಳನ್ನು ಒಟ್ಟಿಗೆ ಪೂರ್ತಿ ಉರಿಸಿದರೆ 52 ಆಂಪಿಯರ್. ಹಳ್ಳಿಯ ಶಾಲೆಯ ಸಿಂಗಲ್ ಫೇಸ್ ಮೀಟರು, ಗೋಡೆಯೊಳಗಿನ ತೆಳು ವೈರು ಇಷ್ಟನ್ನು ತಡೆಯುವುದಿಲ್ಲ. ಆದ್ದರಿಂದ ಊರು ಮುಟ್ಟಿದ ಕೂಡಲೇ ಮೊದಲ ಕೆಲಸ ಮೇನ್ ಬೋರ್ಡ್ ಹುಡುಕುವುದು, ಮೂರು ಫೇಸ್ ಇದೆಯೇ ನೋಡುವುದು, ಅರ್ತಿಂಗ್ ಸರಿಯಿದೆಯೇ ಪರೀಕ್ಷಿಸುವುದು, ಭಾರವನ್ನು ಮೂರಕ್ಕೂ ಸಮನಾಗಿ ಹಂಚುವುದು. ನಾನು ಹೊಸಬನಾಗಿದ್ದಾಗ ಒಂದು ಪಟ್ಟಣದ ಸಭಾಂಗಣದಲ್ಲಿ ಎಲ್ಲವನ್ನೂ ಒಂದೇ ಫೇಸಿಗೆ ಕೊಟ್ಟಿದ್ದೆ. ಕೊನೆಯ ದೃಶ್ಯದಲ್ಲಿ ಎಲ್ಲ ದೀಪ ಏರಿಸಿದ ಕ್ಷಣಕ್ಕೆ ಫ್ಯೂಸ್ ಹೋಯಿತು. ಹಿರಿಯ ನಟಿಯೊಬ್ಬರು ಕತ್ತಲಲ್ಲೇ ಹಾಡನ್ನು ಮುಂದುವರಿಸಿದರು. ನಾಲ್ಕು ನಿಮಿಷ. ಅವರ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಫೇಸ್ ಲೆಕ್ಕ ಹಾಕದೆ ನಾನು ಒಂದು ಪ್ಲಗ್ಗನ್ನೂ ಚುಚ್ಚಿಲ್ಲ.

ರಂಗಸಜ್ಜಿಕೆಯ ಮಾತೂ ಅಷ್ಟೇ. ಇಂದು ಹದಿನೈದು ಅಡಿ ಆಳದ ರಂಗ, ನಾಳೆ ಮೂವತ್ತು ಅಡಿ, ನಾಡಿದ್ದು ಕಲ್ಯಾಣ ಮಂಟಪದ ವೇದಿಕೆ. ಇಡೀ ಸೆಟ್ ಒಂದೇ ವಾಹನದಲ್ಲಿ ಹಿಡಿಯಬೇಕು, ಎರಡು ಗಂಟೆಯಲ್ಲಿ ನಿಲ್ಲಬೇಕು, ನಲವತ್ತು ನಿಮಿಷದಲ್ಲಿ ಬಿಚ್ಚಬೇಕು. ಇದನ್ನು ಮನಸ್ಸಿನಲ್ಲಿಟ್ಟು ವಿನ್ಯಾಸ ಮಾಡುವವರಿಗೆ ಎಲ್ಲಿ ಹೋದರೂ ಕೈ ಸೋಲುವುದಿಲ್ಲ.

ಕೊರತೆಯೂ ಇದೆ. ಧ್ವನಿ ವಿನ್ಯಾಸ ಈ ಶಾಲೆಗಳಲ್ಲಿ ತೀರಾ ತೆಳು. ಸಂಗೀತವನ್ನು ಚೆನ್ನಾಗಿ ಕಲಿಸುತ್ತಾರೆ, ಆದರೆ ಧ್ವನಿಯನ್ನು ಒಂದು ತಂತ್ರವಾಗಿ ಅಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವುದು, ಹೊಸ ಬಗೆಯ ಚಲಿಸುವ ದೀಪಗಳು, ಪ್ರೊಜೆಕ್ಷನ್ – ಇವನ್ನು ಕಲಿಯಬೇಕಾದವರು ಹೊರಗೆ ಹುಡುಕಬೇಕು. ಒಂದೇ ವರ್ಷದಲ್ಲಿ ಎಲ್ಲವೂ ಬರಲಿ ಎಂದು ನಿರೀಕ್ಷಿಸುವುದೂ ಸರಿಯಲ್ಲ.

ದೆಹಲಿಯ ಮೂರು ವರ್ಷ

ರಾಷ್ಟ್ರೀಯ ನಾಟಕ ಶಾಲೆ, ಎಲ್ಲರ ಬಾಯಲ್ಲಿ ಎನ್‌ಎಸ್‌ಡಿ, 1959ರಲ್ಲಿ ಸ್ಥಾಪನೆಯಾಯಿತು. ಮಂಡಿ ಹೌಸ್ ಬಳಿಯ ಬಹಾವಲ್‌ಪುರ್ ಹೌಸ್ ಅದರ ನೆಲೆ. ನಮ್ಮ ಬಿ.ವಿ. ಕಾರಂತರು ಅಲ್ಲಿ ಕಲಿತರು, ಮುಂದೆ ಅದರ ನಿರ್ದೇಶಕರೂ ಆದರು. ಕನ್ನಡ ರಂಗಭೂಮಿಗೂ ಆ ಶಾಲೆಗೂ ನಂಟು ಹಳೆಯದು.

ಅಲ್ಲಿನ ಕ್ರಮ ಹೀಗೆ: ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೆಯ ವರ್ಷದಿಂದ ಕವಲೊಡೆಯುತ್ತದೆ, ಒಂದೆಡೆ ಅಭಿನಯ, ಇನ್ನೊಂದೆಡೆ ವಿನ್ಯಾಸ ಮತ್ತು ನಿರ್ದೇಶನ. ತಾಂತ್ರಿಕ ಕೆಲಸದ ಒಲವಿರುವವರು ಎರಡನೆಯ ಕವಲಿಗೆ ಹೋಗುತ್ತಾರೆ. ಬೆಳಕು, ಸಜ್ಜಿಕೆ, ವಸ್ತ್ರ ಎಲ್ಲವನ್ನೂ ಇಲ್ಲಿ ನಿರ್ದೇಶಕನ ಕಣ್ಣಿನಿಂದ ಕಲಿಸುತ್ತಾರೆ. ಇದೇ ಅದರ ಬಲ. ಕೆಲವರಿಗೆ ಇದೇ ತೊಡಕು: ಬರಿಯ ರಂಗನಿರ್ವಾಹಕನಾಗಬೇಕು, ನಿರ್ದೇಶನ ಬೇಡ ಎನ್ನುವವನಿಗೆ ಇಲ್ಲಿ ತನ್ನದೇ ಆದ ಜಾಗ ಕಾಣುವುದಿಲ್ಲ.

ಸೌಲಭ್ಯದಲ್ಲಿ ಇದಕ್ಕೆ ಸಾಟಿಯಾದದ್ದು ದೇಶದಲ್ಲಿ ಕಡಿಮೆ. ಮರಗೆಲಸದ ಕಾರ್ಖಾನೆ, ವಸ್ತ್ರ ವಿಭಾಗ, ಬೆಳಕಿನ ವಿಭಾಗ, ಅಭಿಮಂಚ್, ಸಮ್ಮುಖ್, ಬಹುಮುಖ್ ಎಂಬ ರಂಗಮಂದಿರಗಳು. ಮೂರು ವರ್ಷವೂ ವಿದ್ಯಾರ್ಥಿವೇತನ ಸಿಗುತ್ತದೆ. ಮಧ್ಯಮ ವರ್ಗದ ಮನೆಯವರು ಇದನ್ನು ಗಮನಿಸಬೇಕು. ಚಳಿಗಾಲದಲ್ಲಿ ನಡೆಯುವ ಭಾರತ ರಂಗ ಮಹೋತ್ಸವದ ದಿನಗಳಲ್ಲಿ ದೇಶದ ನಾನಾ ಕಡೆಯ ತಂಡಗಳು ಸೆಟ್ ಏರಿಸಿ ಇಳಿಸುವುದನ್ನು ಹತ್ತಿರ ನಿಂತು ನೋಡುವುದೇ ಒಂದು ಪಾಠ.

ಒಳಗೆ ಹೋಗುವುದು ಸುಲಭವಲ್ಲ. ಪದವಿ ಮುಗಿದಿರಬೇಕು, ನಾಟಕಗಳಲ್ಲಿ ದುಡಿದ ಅನುಭವವಿರಬೇಕು, ಹಿಂದಿ ಮತ್ತು ಇಂಗ್ಲಿಷ್ ತಿಳಿದಿರಬೇಕು. ಮೊದಲ ಸುತ್ತಿನ ಆಯ್ಕೆ ಬೇರೆ ಬೇರೆ ನಗರಗಳಲ್ಲಿ, ಕೊನೆಯದು ದೆಹಲಿಯಲ್ಲಿ ಕೆಲವು ದಿನಗಳ ಕಮ್ಮಟವಾಗಿ. ಇಡೀ ದೇಶಕ್ಕೆ ಇರುವ ಜಾಗ ಬೆರಳೆಣಿಕೆಯಷ್ಟು. ವಿನ್ಯಾಸಕ್ಕೆಂದು ಹೋಗುವವರೂ ಆಯ್ಕೆಯಲ್ಲಿ ನಟಿಸಿ ತೋರಿಸಬೇಕು. ಮೊದಲ ಸಲ ಸಿಗದಿದ್ದರೆ ಮರುವರ್ಷ ಮತ್ತೆ ಹೋಗಿ; ಎರಡನೆಯ, ಮೂರನೆಯ ಸಲ ಆಯ್ಕೆಯಾದವರು ಎಷ್ಟೋ ಮಂದಿ.

ಆ ತಂದೆಯ ಪ್ರಶ್ನೆಗೆ ಇಲ್ಲಿ ಒಂದು ಉತ್ತರವಿದೆ. ಎನ್‌ಎಸ್‌ಡಿ ಕೊಡುವುದು ಡಿಪ್ಲೊಮಾ, ಪದವಿಯಲ್ಲ. ಆದರೆ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಲು ಅದನ್ನು ಎಂ.ಎ. ಪದವಿಗೆ ಸಮವೆಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮಾನ್ಯ ಮಾಡಿದೆ.

ವಿಶ್ವವಿದ್ಯಾಲಯದ ಪದವಿ

ಡಿಗ್ರಿಯೇ ಬೇಕೆಂದರೆ ಹತ್ತಿರದಲ್ಲೇ ದಾರಿಗಳಿವೆ. ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗ, ಹೈದರಾಬಾದ್ ವಿಶ್ವವಿದ್ಯಾಲಯದ ರಂಗಕಲೆ ವಿಭಾಗ, ಪುದುಚೇರಿ ವಿಶ್ವವಿದ್ಯಾಲಯ. ಇವುಗಳಿಂದ ಬರುವ ಪದವಿ ಸರ್ಕಾರಿ ಕೆಲಸಕ್ಕೆ, ನಾಟಕ ಶಿಕ್ಷಕರ ಹುದ್ದೆಗೆ, ಸಂಶೋಧನೆಗೆ ನೆರವಾಗುತ್ತದೆ. ಕೈಕೆಲಸ ಎಷ್ಟು ಸಿಗುತ್ತದೆ ಎಂಬುದು ಮಾತ್ರ ವಿಭಾಗದಿಂದ ವಿಭಾಗಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಈ ಗುಂಪಿನಲ್ಲಿ ನಾನು ಎತ್ತಿ ಹೇಳುವುದು ತ್ರಿಶೂರಿನ ಅರಣಾಟ್ಟುಕರದಲ್ಲಿರುವ ಕ್ಯಾಲಿಕಟ್ ವಿಶ್ವವಿದ್ಯಾಲಯದ ನಾಟಕ ಶಾಲೆಯನ್ನು. ಜಿ. ಶಂಕರ ಪಿಳ್ಳೈ 1977ರಲ್ಲಿ ಕಟ್ಟಿದ ಶಾಲೆ ಅದು. ವಿನ್ಯಾಸವನ್ನು ಅಭಿನಯದ ನೆರಳಾಗಿಸದೆ ತನ್ನಷ್ಟಕ್ಕೆ ಒಂದು ವಿಷಯವೆಂದು ಕಲಿಸುವ ಪರಂಪರೆ ಅಲ್ಲಿದೆ. ಮಲಯಾಳಂ ಕಲಿಯಲು ಸಿದ್ಧರಿರುವ ದಕ್ಷಿಣ ಕನ್ನಡ, ಕಾಸರಗೋಡು, ಕೊಡಗಿನ ಹುಡುಗ ಹುಡುಗಿಯರಿಗೆ ಇದು ದೂರದ ಊರೂ ಅಲ್ಲ.

ಕಡಲಾಚೆ

ಲಂಡನ್ನಿನ ಹೆಸರಾಂತ ನಾಟಕ ಶಾಲೆಗಳಾದ ರಾಡಾ, ಲ್ಯಾಮ್ಡಾ, ಗಿಲ್ಡ್‌ಹಾಲ್, ರಾಯಲ್ ಸೆಂಟ್ರಲ್ – ನಾಲ್ಕರಲ್ಲೂ ತಾಂತ್ರಿಕ ರಂಗಭೂಮಿಗೆಂದೇ ಬಿ.ಎ. ಪದವಿಯಿದೆ. ಹೆಚ್ಚಿನವು ಮೂರು ವರ್ಷದವು. ಇಲ್ಲಿ ನಟಿಸಿ ತೋರಿಸಬೇಕಾಗಿಲ್ಲ. ಸಂದರ್ಶನಕ್ಕೆ ಕರೆಯುತ್ತಾರೆ, ನೀವು ಮಾಡಿದ ಕೆಲಸದ ಚಿತ್ರ, ನಕ್ಷೆ, ಟಿಪ್ಪಣಿಗಳನ್ನು ಮುಂದಿಟ್ಟು ಮಾತಾಡಿಸುತ್ತಾರೆ. ಸಾಮಾನ್ಯವಾಗಿ ಆರಂಭದಲ್ಲಿ ಎಲ್ಲ ವಿಭಾಗಗಳ ಪರಿಚಯವಾಗಿ, ಆಮೇಲೆ ಒಂದನ್ನು ಆರಿಸಿಕೊಂಡು ಅದರಲ್ಲೇ ಇಳಿಯಬೇಕು. ಅದೇ ಶಾಲೆಯ ನಟನಾ ವಿದ್ಯಾರ್ಥಿಗಳು ಮಾಡುವ ನಾಟಕಗಳನ್ನು ಹಿಂದೆ ನಿಂತು ನಡೆಸುವವರು ಇವರೇ.

ಕೆಲಸದ ರೀತಿಯಲ್ಲೇ ಒಂದು ಮೂಲ ವ್ಯತ್ಯಾಸವಿದೆ. ಅಲ್ಲಿ ರಂಗನಿರ್ವಾಹಕಿ ಗುರುತು ಹಾಕಿದ ನಾಟಕದ ಪ್ರತಿಯನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ಪ್ರತಿಯೊಂದು ಬೆಳಕಿನ ಬದಲಾವಣೆಗೂ ಒಂದು ಸಂಖ್ಯೆ. ಮೊದಲು ‘ಸ್ಟ್ಯಾಂಡ್‌ಬೈ’ ಎನ್ನುತ್ತಾಳೆ, ಸರಿಯಾದ ಅಕ್ಷರಕ್ಕೆ ‘ಗೋ’ ಎನ್ನುತ್ತಾಳೆ, ಬೆಳಕಿನವನು ಗುಂಡಿ ಒತ್ತುತ್ತಾನೆ. ನಾಟಕ ನೂರು ಸಲ ನಡೆದರೆ ನೂರು ಸಲವೂ ಒಂದೇ ಬೆಳಕು. ನಮ್ಮಲ್ಲಿ ಬೆಳಕಿನವನು ನಾಟಕವನ್ನು ತಾನೇ ನೋಡುತ್ತ, ನಟನ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕಾಯುತ್ತ, ಬೆರಳಿನಿಂದ ಡಿಮ್ಮರನ್ನು ಮೆಲ್ಲಗೆ ಇಳಿಸುತ್ತಾನೆ. ಹಳೆಯ ಹ್ಯಾಲೊಜನ್ ದೀಪವಾದರೆ ಇಳಿಯುತ್ತ ಇಳಿಯುತ್ತ ಅದು ಕೆಂಪೇರುತ್ತದೆ, ಕೊನೆಗೆ ಕೆಂಡದ ಬಣ್ಣದ ತಂತಿ ಮಾತ್ರ ಉಳಿದು ಆರುತ್ತದೆ. ಎಲ್‌ಇಡಿ ಹಾಗಲ್ಲ, ಬಣ್ಣ ಬದಲಾಗದೆ ಬರಿದೇ ಮಂಕಾಗುತ್ತದೆ. ಆ ಕೆಂಪಿಗಾಗಿ ಕಾಯುವ ಕಣ್ಣು ಇಲ್ಲಿ ಬೆಳೆಯುತ್ತದೆ. ತಪ್ಪಿಲ್ಲದೆ ನೂರು ಸಲ ಅದನ್ನೇ ಮಾಡುವ ಶಿಸ್ತು ಅಲ್ಲಿ ಬರುತ್ತದೆ. ಎರಡೂ ಬೇಕೆಂದು ನಾನು ನಂಬಿದ್ದೇನೆ.

ಸುರಕ್ಷತೆಯಲ್ಲಂತೂ ನಾವು ಅವರಿಂದ ಕಲಿಯಲೇಬೇಕು. ಮೇಲೆ ಕಟ್ಟಿದ ಪ್ರತಿ ದೀಪಕ್ಕೂ ಕ್ಲ್ಯಾಂಪ್ ಅಲ್ಲದೆ ಇನ್ನೊಂದು ಉಕ್ಕಿನ ಸರಪಳಿ ಇರಬೇಕು ಎಂಬುದನ್ನು ಅಲ್ಲಿ ಮೊದಲ ವಾರವೇ ಕಲಿಸುತ್ತಾರೆ. ನಮ್ಮ ಎಷ್ಟೋ ಸಭಾಂಗಣಗಳಲ್ಲಿ ನಟರ ತಲೆಯ ಮೇಲೆ ಏಳೆಂಟು ಕಿಲೋ ತೂಕದ ದೀಪ ಒಂದೇ ಬೋಲ್ಟಿನ ಮೇಲೆ ತೂಗುತ್ತಿರುತ್ತದೆ. ಬಿದಿರಿನ ಏಣಿಯ ತುದಿಯಲ್ಲಿ ಹುಡುಗರು ಬರಿಗಾಲಲ್ಲಿ ನಿಂತಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ.

ಹಣದ ಮಾತು. ಹೊರದೇಶದ ವಿದ್ಯಾರ್ಥಿಗಳಿಗೆ ಈ ಶಾಲೆಗಳ ಶುಲ್ಕ ವರ್ಷಕ್ಕೆ 20,000 ಪೌಂಡ್ ದಾಟುತ್ತದೆ, ಅಂದರೆ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಲಂಡನ್ನಿನ ಬಾಡಿಗೆ, ಊಟ ಬೇರೆ. ಹೊಲ ಅಡವಿಟ್ಟು, ಬ್ಯಾಂಕ್ ಸಾಲ ಮಾಡಿ ಪದವಿ ಮಟ್ಟದಲ್ಲಿ ಅಲ್ಲಿಗೆ ಹೋಗಬೇಡಿ ಎಂದು ನೇರವಾಗಿ ಹೇಳುತ್ತೇನೆ. ರಂಗಭೂಮಿಯ ಸಂಬಳದಲ್ಲಿ ಆ ಸಾಲ ತೀರುವುದಿಲ್ಲ. ಇನ್ನೊಂದು ಎಚ್ಚರಿಕೆ: ಇಂಗ್ಲೆಂಡಿನ ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ ‘ಡ್ರಾಮಾ’ ಎಂಬ ಹೆಸರಿನ ಪದವಿಗಳಲ್ಲಿ ಬಹುಪಾಲು ಓದು ಬರಹವೇ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ, ವಿಷಯಪಟ್ಟಿ ಓದಿ.

ಅಮೆರಿಕದಲ್ಲಿ ಒಂದು ಬಾಗಿಲು ಮಾತ್ರ ಬೇರೆಯ ತರಹ ತೆರೆದಿದೆ. ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಗೆ 2021ರಲ್ಲಿ ಡೇವಿಡ್ ಗೆಫನ್ ಹೆಸರಿನ 15 ಕೋಟಿ ಡಾಲರ್ ದತ್ತಿ ಬಂತು. ಅಂದಿನಿಂದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕವಿಲ್ಲ. ವಿನ್ಯಾಸ, ರಂಗನಿರ್ವಹಣೆ, ತಾಂತ್ರಿಕ ವಿನ್ಯಾಸ ಮತ್ತು ನಿರ್ಮಾಣ, ಎಲ್ಲಕ್ಕೂ ಅಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ಪೈಪೋಟಿ ಭಾರಿ, ಕೆಲವು ವರ್ಷದ ಗಟ್ಟಿ ಕೆಲಸ ಬೆನ್ನಿಗಿರಬೇಕು. ಆದರೆ ಪ್ರಯತ್ನಕ್ಕೆ ಅಡ್ಡಿಯೇನಿಲ್ಲ.

ಶಾಲೆಯಿಲ್ಲದೆ ಕಲಿಯುವುದು

ಇದನ್ನೂ ಆಯ್ಕೆಯೆಂದೇ ಎಣಿಸಬೇಕು. ಭಾರತದ ಬೆಳಕಿನ ವಿನ್ಯಾಸದಲ್ಲಿ ದೊಡ್ಡ ಹೆಸರಾದ ತಾಪಸ್ ಸೇನ್ 1959ರಲ್ಲಿ ಕಲ್ಕತ್ತೆಯ ಮಿನರ್ವಾ ರಂಗಮಂದಿರದಲ್ಲಿ ಬೆಳಕಿನಿಂದಲೇ ಕಲ್ಲಿದ್ದಲ ಗಣಿಯೊಳಗೆ ನೀರು ಏರುವಂತೆ ತೋರಿಸಿದರು. ಅಂಥದ್ದನ್ನು ಕಲಿಸುವ ಪಠ್ಯಕ್ರಮ ಆಗ ಎಲ್ಲೂ ಇರಲಿಲ್ಲ. ನಮ್ಮ ಕಂಪನಿ ನಾಟಕಗಳ ಟ್ರಿಕ್ ಸೀನುಗಳನ್ನು ಕಟ್ಟಿದವರೂ ಹಿರಿಯರ ಕೈಕೆಳಗೆ ಹಗ್ಗ ಎಳೆದು ಕಲಿತವರೇ.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಅಥವಾ ಐಟಿಐನಲ್ಲಿ ಮರಗೆಲಸ ಮಾಡಿ ತಂಡ ಸೇರಿದವರು ಹಲವರಿಗಿಂತ ಮುಂದಿರುತ್ತಾರೆ. ಬೆಂಗಳೂರಿನಲ್ಲಿದ್ದರೆ ರಂಗಶಂಕರದಂತಹ, ಹೆಚ್ಚುಕಡಿಮೆ ವಾರವಿಡೀ ನಾಟಕ ನಡೆಯುವ ರಂಗಮಂದಿರದ ಸುತ್ತ ಕೆಲಸ ಮಾಡುವ ತಂಡಗಳನ್ನು ಹಿಡಿಯಬಹುದು. ಆದರೆ ಹೀಗೆ ಕಲಿಯುವವರಿಗೆ ನಾಟಕ ಓದುವ ಅಭ್ಯಾಸ ತಪ್ಪಿಹೋಗುವ ಅಪಾಯವಿದೆ. ದೀಪ ಕಟ್ಟಲು ಬರುತ್ತದೆ, ಈ ದೃಶ್ಯಕ್ಕೆ ಯಾಕೆ ಈ ದೀಪ ಎಂದು ಹೇಳಲು ಬರುವುದಿಲ್ಲ. ಅದನ್ನು ತುಂಬಿಕೊಳ್ಳಲು ತಾನೇ ದುಡಿಯಬೇಕು.

ಯಾರಿಗೆ ಯಾವುದು

ಪಿಯುಸಿ ಅಥವಾ ಪದವಿ ಮುಗಿಸಿ, ಮನೆಯಲ್ಲಿ ಹೆಚ್ಚು ಹಣವಿಲ್ಲದೆ, ನಾಟಕದ ಮೇಲೆ ನಿಜವಾದ ಪ್ರೀತಿಯಿರುವ ಕನ್ನಡದ ಹುಡುಗ ಹುಡುಗಿಯರಿಗೆ ನನ್ನ ಸಲಹೆ ಒಂದೇ: ಮೊದಲು ಹೆಗ್ಗೋಡು, ಮೈಸೂರು ಅಥವಾ ಸಾಣೇಹಳ್ಳಿಯ ಒಂದು ವರ್ಷ, ಆಮೇಲೆ ಸಂಚಾರಿ ತಂಡದಲ್ಲಿ ಒಂದು ವರ್ಷ, ಆಮೇಲೂ ಹಸಿವು ಉಳಿದಿದ್ದರೆ ಎನ್‌ಎಸ್‌ಡಿ. ಪದವಿ ಇಲ್ಲದಿದ್ದರೆ ಈ ನಡುವೆ ಮುಕ್ತ ವಿಶ್ವವಿದ್ಯಾಲಯದಿಂದ ಪದವಿ ಮುಗಿಸಿಕೊಳ್ಳಿ. ಹೊರದೇಶ ಸ್ನಾತಕೋತ್ತರಕ್ಕೆ, ಅದೂ ವಿದ್ಯಾರ್ಥಿವೇತನ ಕೈಯಲ್ಲಿದ್ದರೆ. ನೀನಾಸಂನ ಕೆ.ವಿ. ಅಕ್ಷರ ಎನ್‌ಎಸ್‌ಡಿಯಲ್ಲಿ ಕಲಿತು, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಓದಿ ಹೆಗ್ಗೋಡಿಗೆ ಮರಳಿದವರು. ಊರಿನ ರಂಗ ಚೆನ್ನಾಗಿ ಗೊತ್ತಿದ್ದು ಹೊರಗೆ ಹೋದವರಿಗೆ ಅಲ್ಲಿ ಏನನ್ನು ಹೆಕ್ಕಿಕೊಳ್ಳಬೇಕೆಂದು ತಿಳಿದಿರುತ್ತದೆ.

ಈ ಸಲಹೆ ಇಬ್ಬರಿಗೆ ಒಪ್ಪುವುದಿಲ್ಲ. ಧ್ವನಿಯೇ ನನ್ನ ದಾರಿ ಎನ್ನುವವರು ಧ್ವನಿ ಎಂಜಿನಿಯರಿಂಗ್ ಕಲಿಸುವ ಸಂಸ್ಥೆಗೆ ಹೋಗಿ, ಸಂಜೆ ನಾಟಕ ತಂಡ ಸೇರಲಿ. ಮನೆಯ ಹೊಣೆಯಿಂದಾಗಿ ಕಾಯಂ ಕೆಲಸವೇ ಬೇಕಾದವರು ವಿಶ್ವವಿದ್ಯಾಲಯದ ಪದವಿಯನ್ನೇ ಹಿಡಿಯಲಿ. ಕನ್ನಡದಲ್ಲಿ ಬರಿಯ ನಾಟಕದ ಬೆಳಕಿನಿಂದ ಸಂಸಾರ ನಡೆಸುವವರು ಕಡಿಮೆ. ಹೆಚ್ಚಿನವರು ನೃತ್ಯ ಕಾರ್ಯಕ್ರಮ, ಸಮಾರಂಭ, ಧಾರಾವಾಹಿಯ ಸ್ಟುಡಿಯೋಗಳಲ್ಲಿ ದುಡಿದು ನಾಟಕಕ್ಕೆ ಬರುತ್ತಾರೆ. ಮಕ್ಕಳನ್ನು ಕಳಿಸುವ ಹೆತ್ತವರಿಗೆ ಇದು ಮೊದಲೇ ಗೊತ್ತಿರಲಿ.

ಯಾವುದೇ ಶಾಲೆಗೆ ಅರ್ಜಿ ಹಾಕುವ ಮುನ್ನ ಒಮ್ಮೆ ಹೋಗಿ ನೋಡಿ. ಆವರಣ ಸುತ್ತಿ ಸಂತೋಷಪಟ್ಟು ಬರಬೇಡಿ, ಡಿಮ್ಮರ್ ಕೋಣೆಯ ಬಾಗಿಲು ತೆರೆಸಿ. ದೂಳು ಹಿಡಿದಿದೆಯೇ, ಕೇಬಲ್‌ಗಳು ಗಂಟು ಬಿದ್ದಿವೆಯೇ ನೋಡಿ. ಈಗ ಓದುತ್ತಿರುವ ವಿದ್ಯಾರ್ಥಿಗಳನ್ನು ಬೇರೆ ಕರೆದು ಕೇಳಿ: ಕಳೆದ ವರ್ಷ ನಿಮ್ಮ ಕೈಯಿಂದ ಎಷ್ಟು ಪ್ರದರ್ಶನ ನಡೆಯಿತು? ಬೆಳಕು ನಡೆಸುವ ಬೋರ್ಡಿನ ಮುಂದೆ ವಿದ್ಯಾರ್ಥಿ ಕೂರುತ್ತಾನೋ, ಮೇಷ್ಟರೋ? ಹುಡುಗಿಯರಿಗೆ ಏಣಿ ಹತ್ತಲು ಬಿಡುತ್ತಾರೋ, ವಸ್ತ್ರ ಹೊಲಿಯಲು ಮಾತ್ರ ಕೂರಿಸುತ್ತಾರೋ? ಕೊನೆಯ ಪ್ರಶ್ನೆಯನ್ನು ಕೇಳದೆ ಬರಬೇಡಿ.

ಸಂದರ್ಶನಕ್ಕೆ ಒಯ್ಯುವ ಕಡತವನ್ನು ಇಂದಿನಿಂದಲೇ ಶುರುಮಾಡಬಹುದು. ಊರಿನಲ್ಲಿ ನಡೆಯುವ ಶಾಲಾ ವಾರ್ಷಿಕೋತ್ಸವ ಸಾಕು. ವೇದಿಕೆಯನ್ನು ಅಡಿಪಟ್ಟಿಯಿಂದ ಅಳೆದು, ಒಂದು ಅಡಿಗೆ ಅರ್ಧ ಇಂಚಿನಂತೆ ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆಯಿರಿ. ದೀಪ ಎಲ್ಲೆಲ್ಲಿದೆ, ಯಾವುದಕ್ಕೆ ಯಾವ ಬಣ್ಣದ ಜೆಲಾಟಿನ್ ಹಾಳೆ ಹಾಕಿದ್ದಾರೆ ಗುರುತಿಸಿ. ಒಂದು ದೃಶ್ಯದಲ್ಲಿ ಬೆಳಕು ಬದಲಾದ ಪ್ರತಿ ಕ್ಷಣವನ್ನೂ ಯಾವ ಮಾತಿನ ಮೇಲೆ ಎಂದು ಬರೆದಿಡಿ. ಆ ಹುಡುಗಿಗೆ ಅಂದು ರಾತ್ರಿ ಕೇಬಲ್ ಸುತ್ತುವ ಕ್ರಮ ತೋರಿಸಿದ್ದೆ: ಒಂದು ಸುತ್ತು ಮೇಲಿನಿಂದ, ಮರುಸುತ್ತು ಒಳಗಿನಿಂದ, ಆಗ ಬಿಚ್ಚುವಾಗ ಗಂಟಾಗುವುದಿಲ್ಲ. ಅಪ್ಪ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲ ಬಳಿ ನಿಂತಿದ್ದರು. ಅವಳು ಒಂದಲ್ಲ, ಆರು ಕೇಬಲ್‌ಗಳನ್ನು ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಹೋದಳು.